ಸಣ್ಣ ನುಡಿ ಸಾಯಲೇಬೇಕೇ?

ಪಪುವಾ ನ್ಯೂಗಿನಿಯ ಪೂರ್ವದ ಅಂಚಿನಲ್ಲಿ ಬೂಗನ್‌ವಿಲ್ ಎಂಬ ದ್ವೀಪವಿದೆ. ಅದರ ದಕ್ಷಿಣ ಭಾಗದ ಊರುಗಳಲ್ಲಿ ಆಡುವ ಭಾಷೆಯ ಹೆಸರು ಬುಯಿನ್. ಹಿಂದಿಯಲ್ಲಿರುವ ಹಾಗೆ ಅಲ್ಲಿಯೂ ನಾಮಪದಗಳಿಗೆ ಲಿಂಗ ಉಂಟು. ಪದ ಪುಲ್ಲಿಂಗವೋ ಸ್ತ್ರೀಲಿಂಗವೋ ಎಂಬುದನ್ನು ನೋಡಿಕೊಂಡು ಜೊತೆಯ ಪದಗಳ ರೂಪ ಬದಲಾಗುತ್ತದೆ. ಬುಯಿನ್‌ಗೆ ಉಯಿಸಾಯ್ ಎಂಬ ಒಂದು ಒಳನುಡಿಯಿದೆ. ಅದನ್ನು ಆಡುವವರು ಸುಮಾರು ಒಂದೂವರೆ ಸಾವಿರ ಜನ. ಅವರ ಮಾತಿನಲ್ಲಿ ಈ ಲಿಂಗವ್ಯವಸ್ಥೆ ಪೂರ್ತಿ ತಿರುಗುಮುರುಗು. ಪಕ್ಕದ ಊರಿನವರು ಪುಲ್ಲಿಂಗ ಎನ್ನುವುದೆಲ್ಲ ಇಲ್ಲಿ ಸ್ತ್ರೀಲಿಂಗ, ಸ್ತ್ರೀಲಿಂಗ ಎನ್ನುವುದೆಲ್ಲ ಪುಲ್ಲಿಂಗ. ಒಂದೆರಡು ಪದ ಹೀಗಾಗಿದ್ದರೆ ಕಾಲಕ್ರಮದ ಬದಲಾವಣೆ ಎನ್ನಬಹುದಿತ್ತು. ಇಡೀ ವ್ಯವಸ್ಥೆಯೇ ಮಗುಚಿ ಬೀಳುವುದು ತಾನಾಗಿ ಆಗುವ ಕೆಲಸವಲ್ಲ. ಹಿಂದೆ ಯಾವಾಗಲೋ ಊರಿನ ಪ್ರಭಾವಿಯೊಬ್ಬರು ನೆರೆಯವರಿಗಿಂತ ನಮ್ಮ ಮಾತು ಬೇರೆಯಾಗಿರಲಿ ಎಂದು ಇದನ್ನು ಬೇಕೆಂದೇ ಶುರುಮಾಡಿರಬೇಕು, ಊರು ಅದನ್ನು ಒಪ್ಪಿಕೊಂಡಿರಬೇಕು ಎಂದು ಭಾಷಾಶಾಸ್ತ್ರಜ್ಞ ಡಾನ್ ಲೇಕಾಕ್ 1982ರ ಲೇಖನವೊಂದರಲ್ಲಿ ತರ್ಕಿಸಿದರು. ಸೆಲೆಪೆಟ್ ಎಂಬ ಇನ್ನೊಂದು ಭಾಷೆಯ ಹಳ್ಳಿಯೊಂದರಲ್ಲಿ ಜನ ಸಭೆ ಸೇರಿ, ಇನ್ನು ಮುಂದೆ ‘ಇಲ್ಲ’ ಎನ್ನುವುದಕ್ಕೆ ಬೇರೆಯೇ ಪದ ಬಳಸೋಣ ಎಂದು ತೀರ್ಮಾನಿಸಿದ ಪ್ರಸಂಗವೂ ದಾಖಲಾಗಿದೆ. ಕಾರಣ ಅದೇ: ಅದೇ ಭಾಷೆಯ ಉಳಿದ ಹಳ್ಳಿಗಳವರಿಗಿಂತ ತಾವು ಬೇರೆಯಾಗಿ ಕಾಣಬೇಕು.

ಜಗತ್ತಿನಲ್ಲಿ ಅತಿ ಹೆಚ್ಚು ಭಾಷೆಗಳಿರುವ ದೇಶ ಯಾವುದು ಎಂಬ ಪ್ರಶ್ನೆಗೆ ಉತ್ತರ ಪಪುವಾ ನ್ಯೂಗಿನಿ ಎಂಬುದನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವರು ಬಲ್ಲರು. ಸುಮಾರು 840 ಭಾಷೆಗಳು. ದೇಶದ ಜನಸಂಖ್ಯೆ ಒಂದು ಕೋಟಿಯ ಆಸುಪಾಸು. ವಿಸ್ತೀರ್ಣ ಕರ್ನಾಟಕದ ಎರಡೂವರೆ ಪಟ್ಟಿನಷ್ಟು. ಭೂಮಿಯ ಮೇಲಿನ ಸಾವಿರ ಜನರಲ್ಲಿ ಒಬ್ಬರೋ ಇಬ್ಬರೋ ಇರುವ ಈ ದೇಶದಲ್ಲಿ ಪ್ರಪಂಚದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಭಾಷೆಗಳಿವೆ. ಎಂಗಾದಂಥ ದೊಡ್ಡ ಭಾಷೆಯನ್ನು ಆಡುವವರೂ ಕೆಲವು ಲಕ್ಷವಷ್ಟೇ. ಮೂರು ಸಾವಿರ ಜನವೂ ಆಡದ ಭಾಷೆಗಳೇ ಹೆಚ್ಚು. ಇವು ಒಂದೇ ತಾಯಿಬೇರಿನ ಕವಲುಗಳೂ ಅಲ್ಲ. ಕರಾವಳಿ ಮತ್ತು ದ್ವೀಪಗಳ ಅನೇಕ ಭಾಷೆಗಳು ಮಲಯ, ಫಿಜಿ, ಮಡಗಾಸ್ಕರ್‌ನ ಮಲಗಾಸಿಗಳ ದೂರದ ನೆಂಟರು. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ದೋಣಿಗಳಲ್ಲಿ ಬಂದ ಆಸ್ಟ್ರೊನೇಷಿಯನ್ನರ ಬಳುವಳಿ ಅವು. ಉಳಿದವು ಅದಕ್ಕಿಂತ ಬಹಳ ಹಳೆಯವು, ಹತ್ತಾರು ಬೇರೆ ಬೇರೆ ಕುಟುಂಬಗಳಿಗೆ ಸೇರಿದವು. ಕೆಲವು ಯಾವ ಕುಟುಂಬಕ್ಕೂ ಸೇರದ ಒಂಟಿಗಳು. ಬೂಗನ್‌ವಿಲ್‌ನ ರೊಟೊಕಾಸ್ ಭಾಷೆಯನ್ನು ಬರೆಯಲು ಹನ್ನೆರಡು ಅಕ್ಷರ ಸಾಕು. ಅದೇ ದೇಶದ ರಾಸೆಲ್ ದ್ವೀಪದ ಯೇಲಿ ದ್ನ್ಯೆ ಭಾಷೆಯಲ್ಲಿ ತೊಂಬತ್ತರಷ್ಟು ಬೇರೆ ಬೇರೆ ಧ್ವನಿಗಳು.

ಇಷ್ಟೊಂದು ಭಾಷೆ ಏಕೆ ಎಂದರೆ ಎಲ್ಲರ ಬಾಯಲ್ಲೂ ಒಂದು ಸಿದ್ಧ ಉತ್ತರವಿದೆ. ಕಡಿದಾದ ಬೆಟ್ಟ, ದಟ್ಟ ಕಾಡು, ಒಂದು ಕಣಿವೆಯವರಿಗೆ ಇನ್ನೊಂದು ಕಣಿವೆಯವರ ಮುಖಪರಿಚಯವೇ ಇಲ್ಲ, ಹಾಗಾಗಿ ನುಡಿ ಚೂರುಚೂರಾಯಿತು ಎಂಬುದು. ನಕ್ಷೆ ಬಿಡಿಸಿ ನೋಡಿದರೆ ಈ ಉತ್ತರ ನಿಲ್ಲುವುದಿಲ್ಲ. ದೇಶದ ದೊಡ್ಡ ಭಾಷೆಗಳಾದ ಎಂಗಾ, ಹುಲಿ, ಮೆಲ್ಪಾ ಇರುವುದೇ ಎತ್ತರದ ಬೆಟ್ಟನಾಡಿನಲ್ಲಿ. ಭಾಷೆಗಳು ಅತಿ ಒತ್ತೊತ್ತಾಗಿರುವುದು ಸೆಪಿಕ್ ಮತ್ತು ರಾಮು ನದಿಗಳ ಸುತ್ತಲಿನ ತಗ್ಗು ಪ್ರದೇಶದಲ್ಲಿ, ಅಲ್ಲಿಂದಾಚೆಯ ಕರಾವಳಿಯಲ್ಲಿ. ಓಡಾಟ ಅಷ್ಟೇನೂ ಅಸಾಧ್ಯವಲ್ಲದ ಕಡೆ. ಮಡಾಂಗ್ ಎಂಬ ಒಂದೇ ಪ್ರಾಂತ್ಯದಲ್ಲಿ ನೂರೈವತ್ತಕ್ಕೂ ಹೆಚ್ಚು ಭಾಷೆಗಳಿವೆ.

ಬೆಟ್ಟಕ್ಕಿಂತ ದೊಡ್ಡ ಕಾರಣ ಕಾಲ. ಮನುಷ್ಯರು ನ್ಯೂಗಿನಿ ದ್ವೀಪಕ್ಕೆ ಬಂದು ಐವತ್ತು ಸಾವಿರ ವರ್ಷವಾಯಿತು. ಬೆಟ್ಟನಾಡಿನ ಕುಕ್ ಎಂಬಲ್ಲಿ ಕನಿಷ್ಠ ಏಳು ಸಾವಿರ ವರ್ಷ ಹಿಂದಿನ ಬೇಸಾಯದ ಕುರುಹುಗಳು ಸಿಕ್ಕಿವೆ. 2008ರಲ್ಲಿ ಅದು ವಿಶ್ವಪರಂಪರೆಯ ತಾಣವಾಯಿತು. ಇನ್ನೊಂದು ಕಾರಣ ಅನ್ನದ್ದು. ಕೆಸು, ಹೆಗ್ಗೆಣಸು, ಬಾಳೆ, ತಗ್ಗಿನಲ್ಲಿ ಸಾಗೊ ಮರದ ತಿರುಳಿನ ಹಿಟ್ಟು. ವರ್ಷವಿಡೀ ಏನಾದರೊಂದು ಕೈಗೆ ಸಿಗುವ ನೆಲದಲ್ಲಿ ಇನ್ನೂರು ಮುನ್ನೂರು ಜನರ ಊರು ತನ್ನ ಪಾಡಿಗೆ ತಾನು ಬದುಕಬಲ್ಲದು. ಅದಕ್ಕೆ ದೂರದ ರಾಜಧಾನಿಯ ಹಂಗು ಬೇಕಿಲ್ಲ. ರಾಜಧಾನಿಯೂ ಇರಲಿಲ್ಲ. ಕಂದಾಯ ಕೇಳುವ ದೊರೆ, ಶಾಸನ ಬರೆಸುವ ಆಸ್ಥಾನ, ಒಂದು ಭಾಷೆಯನ್ನು ಮೇಲಕ್ಕೇರಿಸಿ ಉಳಿದವನ್ನು ಕೆಳಗಿಡುವ ದೇವಾಲಯ ಅಥವಾ ಸೈನ್ಯ, ಇವು ಯಾವುವೂ ಅಲ್ಲಿ ಬೆಳೆಯಲಿಲ್ಲ. ಯಾರ ನುಡಿಯೂ ಯಾರ ನುಡಿಗೂ ಒಡೆಯನಾಗಲಿಲ್ಲ.

ಹಾಗೆಂದು ಜನ ಬಾವಿಯ ಕಪ್ಪೆಗಳಾಗಿರಲಿಲ್ಲ. ಮದುವೆ, ಜಗಳ, ವ್ಯಾಪಾರ, ಹಬ್ಬ ಎಲ್ಲವೂ ಊರಿನ ಗಡಿ ದಾಟುತ್ತಿದ್ದವು. ಈಗ ರಾಜಧಾನಿ ಪೋರ್ಟ್ ಮೋರ್ಸ್‌ಬಿ ಇರುವ ಕರಾವಳಿಯ ಮೋಟು ಜನ ಹೆಂಗಸರು ಮಾಡಿದ ಮಣ್ಣಿನ ಮಡಕೆಗಳನ್ನು ಲಕಾಟೋಯ್ ಎಂಬ ದೊಡ್ಡ ಹಾಯಿದೋಣಿಗಳಲ್ಲಿ ತುಂಬಿಕೊಂಡು ಪಶ್ಚಿಮದ ಕೊಲ್ಲಿಯ ಊರುಗಳಿಗೆ ಹೋಗುತ್ತಿದ್ದರು, ಸಾಗೊ ತುಂಬಿಕೊಂಡು ಮರಳುತ್ತಿದ್ದರು. ಆ ಪಯಣದ ಹೆಸರು ಹಿರಿ. ವ್ಯಾಪಾರಕ್ಕೆ ಬೇಕಾದಷ್ಟು ಮಾತನ್ನು ಎರಡೂ ಕಡೆಯವರು ಕಟ್ಟಿಕೊಂಡಿದ್ದರು. ಸಣ್ಣ ಭಾಷೆಯವರಂತೂ ಸುತ್ತಲಿನ ಎರಡು ಮೂರು ಭಾಷೆ ಕಲಿತೇ ಕಲಿಯುತ್ತಿದ್ದರು. ನನ್ನ ಮಟ್ಟಿಗೆ ಈ ದೇಶದ ಕಥೆಯಲ್ಲಿ ಅತ್ಯಂತ ಮುಖ್ಯವಾದ ಸಂಗತಿ ಇದು. ‘ಇಷ್ಟು ಸಣ್ಣ ಭಾಷೆ, ಉಳಿಯುವುದು ಕಷ್ಟ’ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಐದುನೂರು ಜನರೂ ಇಲ್ಲದ ಭಾಷೆಗಳು ಅಲ್ಲಿ ತಲೆಮಾರುಗಳಿಂದ ತಲೆಮಾರುಗಳಿಗೆ ಆರೋಗ್ಯವಾಗಿ ದಾಟಿ ಬಂದಿವೆ. ಹಾಗಿರುವಾಗ ಸಣ್ಣದಾಗಿರುವುದನ್ನು ರೋಗ ಎನ್ನಲು ಬರುವುದಿಲ್ಲ.

ಒಂದು ಸಣ್ಣ ಭಾಷೆಯೊಳಗೆ ಏನೆಲ್ಲ ಹಿಡಿಸುತ್ತದೆ ಎಂಬುದಕ್ಕೆ ಮಡಾಂಗ್ ಪ್ರಾಂತ್ಯದ ಶ್ರೇಡರ್ ಬೆಟ್ಟಸಾಲಿನ ಕಲಂ ಜನರನ್ನು ನೋಡಬೇಕು. ಆ ಎತ್ತರದ ಕಾಡಿನಲ್ಲಿ ನಮ್ಮ ಕೇದಿಗೆಯ ಜಾತಿಗೇ ಸೇರಿದ ಮರಗಳಿವೆ. ಅವುಗಳ ಕಾಯಿಯೊಳಗಿನ ಬೀಜ ಎಣ್ಣೆಯಂಶ ತುಂಬಿದ, ಜನ ಆಸೆಪಟ್ಟು ತಿನ್ನುವ ಆಹಾರ. ಕೊಯ್ಲಿನ ಕಾಲಕ್ಕೆ ಮನೆಮಂದಿಯೆಲ್ಲ ಕಾಡಿಗೆ ಹೋಗಿ ಬೀಡುಬಿಡುತ್ತಾರೆ. ಅಲ್ಲಿರುವಷ್ಟು ದಿನ ದಿನಬಳಕೆಯ ಕಲಂ ಪದಗಳನ್ನು ಆಡುವ ಹಾಗಿಲ್ಲ. ಆಡಿದರೆ ಬೀಜ ಕೆಡುತ್ತದೆ ಎಂಬ ನಂಬಿಕೆ. ಅದಕ್ಕಾಗಿ ಅವರು ಬೇರೊಂದು ಪದಕೋಶವನ್ನೇ ಇಟ್ಟುಕೊಂಡಿದ್ದಾರೆ. ವಾಕ್ಯ ಕಟ್ಟುವ ಕ್ರಮ ಮಾಮೂಲಿ ಕಲಂ ಭಾಷೆಯದೇ, ಆದರೆ ನೀರು, ಬೆಂಕಿ, ನಾಯಿ, ಹೋಗು, ತಿನ್ನು ಎಂಬುದಕ್ಕೆಲ್ಲ ಬದಲಿ ಪದ. ಭಾಷಾವಿಜ್ಞಾನಿ ಆಂಡ್ರೂ ಪಾಲಿ ಇದನ್ನು ವಿವರವಾಗಿ ಅಧ್ಯಯನ ಮಾಡಿ, ಜನ ತಾವೇ ಕೂತು ಭಾಷೆಯೊಂದನ್ನು ರೂಪಿಸಿದ ಹಳೆಯ ಪ್ರಯೋಗ ಇದು ಎಂದು ಬೆರಗಿನಿಂದ ಬರೆದರು. ಕ್ಯಾಸೊವರಿ ಹಕ್ಕಿಯ ಮಾಂಸ ಬೇಯಿಸುವಾಗಲೂ ಇದೇ ನುಡಿ.

ಹಕ್ಕಿ ಎಂದೆ, ಆದರೆ ಕಲಂ ಜನರ ಲೆಕ್ಕದಲ್ಲಿ ಕ್ಯಾಸೊವರಿ ಹಕ್ಕಿಯಲ್ಲ. ಆಳೆತ್ತರದ, ಹಾರಲಾರದ ಆ ಪ್ರಾಣಿಗೆ ಪ್ರತ್ಯೇಕ ವರ್ಗ. ಬಾವಲಿಗಳು ಮಾತ್ರ ಹಕ್ಕಿಗಳ ಜೊತೆ. ಇದನ್ನು ಅಜ್ಞಾನ ಎಂದುಕೊಳ್ಳಬಾರದು. ಮಾನವಶಾಸ್ತ್ರಜ್ಞ ರಾಲ್ಫ್ ಬಲ್ಮರ್ ಅವರು ಕಲಂ ಬೇಟೆಗಾರ ಇಯಾನ್ ಸಯೆಮ್ ಮಜ್ನೆಪ್ ಅವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರು. 1977ರಲ್ಲಿ ಅವರಿಬ್ಬರ ಹೆಸರಿನಲ್ಲಿ ಕಲಂ ನಾಡಿನ ಹಕ್ಕಿಗಳ ಕುರಿತ ಪುಸ್ತಕ ಹೊರಬಂತು. ಮುಖಪುಟದಲ್ಲಿ ಮೊದಲ ಹೆಸರು ಮಜ್ನೆಪ್ ಅವರದು. ಯಾವ ಹಕ್ಕಿ ಯಾವ ಮರದ ಹಣ್ಣು ತಿನ್ನುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ, ಹೇಗೆ ಕೂಗುತ್ತದೆ ಎಂಬುದನ್ನು ಅವರು ಒಂದೊಂದಾಗಿ ಹೇಳಿದ್ದಾರೆ. ಭಾಷೆ ಹೋದರೆ ಏನು ಹೋಗುತ್ತದೆ ಎಂದು ಕೇಳುವವರಿಗೆ ನಾನು ಈ ಪುಸ್ತಕದ ಕಡೆ ಕೈ ತೋರಿಸುತ್ತೇನೆ. ಆ ಕಾಡಿನಲ್ಲಿ ಕಣ್ಣು ತೆರೆದು ನಡೆದವರು ಸಂಗ್ರಹಿಸಿದ ವಿಷಯ ಅದು, ಅವರು ಇಟ್ಟ ಹೆಸರುಗಳ ಮೂಲಕವೇ ಮಕ್ಕಳಿಗೆ ದಾಟುವಂಥದು.

ಲೆಕ್ಕದ ಮಾತೂ ಹಾಗೆಯೇ. ಸೆಪಿಕ್‌ನ ಮೂಲದ ಕಡೆಯ ಬೆಟ್ಟಗಳಲ್ಲಿರುವ ಒಕ್ಸಾಪ್‌ಮಿನ್ ಜನ ಎಣಿಸುವುದು ಮೈಮೇಲೆ. ಒಂದು ಕೈಯ ಹೆಬ್ಬೆರಳು ಒಂದು, ಕಿರುಬೆರಳು ಐದು, ಮಣಿಕಟ್ಟು ಆರು. ಮೊಣಕೈ, ಭುಜ, ಕತ್ತು, ಕಿವಿ, ಕಣ್ಣು ದಾಟಿ ಮೂಗಿಗೆ ಬಂದರೆ ಹದಿನಾಲ್ಕು. ಅಲ್ಲಿಂದ ಇನ್ನೊಂದು ಬದಿಗೆ ಇಳಿಯುತ್ತ ಆ ಕೈಯ ಕಿರುಬೆರಳಿಗೆ ತಲುಪಿದರೆ ಇಪ್ಪತ್ತೇಳು. ಅಂಗದ ಹೆಸರೇ ಸಂಖ್ಯೆಯ ಹೆಸರು. 1970ರ ದಶಕದ ಕೊನೆಯಿಂದ ಅಲ್ಲಿ ಅಧ್ಯಯನ ಮಾಡಿದ ಜೆಫ್ರಿ ಸ್ಯಾಕ್ಸ್ ಒಂದು ಕುತೂಹಲದ ವಿಷಯ ಗಮನಿಸಿದರು. ಆಸ್ಟ್ರೇಲಿಯಾದ ಆಡಳಿತದೊಂದಿಗೆ ಷಿಲ್ಲಿಂಗು, ಪೌಂಡು ಬಂದವು. ಇಪ್ಪತ್ತು ಷಿಲ್ಲಿಂಗಿಗೆ ಒಂದು ಪೌಂಡು. ಅಂಗಡಿ ವ್ಯಾಪಾರಕ್ಕೆ ಇಳಿದವರು ಇಪ್ಪತ್ತೇಳರವರೆಗೆ ಹೋಗದೆ ಇನ್ನೊಂದು ಬದಿಯ ಮೊಣಕೈಗೆ, ಅಂದರೆ ಇಪ್ಪತ್ತಕ್ಕೆ, ನಿಲ್ಲಿಸಿ ಮತ್ತೆ ಹೆಬ್ಬೆರಳಿನಿಂದ ಶುರುಮಾಡತೊಡಗಿದರು. ಹಳೆಯ ಪದಗಳು ಹೊಸ ಕೆಲಸಕ್ಕೆ ಒಗ್ಗಿದವು. ಬುಡಕಟ್ಟಿನ ಭಾಷೆ ಆಧುನಿಕ ಬದುಕಿಗೆ ಒಗ್ಗದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಹಾಗಾದರೆ ಈ ಭಾಷೆಗಳನ್ನು ಈಗ ಹಣ್ಣು ಮಾಡುತ್ತಿರುವುದು ಏನು?

ಹತ್ತೊಂಬತ್ತನೇ ಶತಮಾನದ ಕೊನೆಗೆ ನ್ಯೂಗಿನಿ ದ್ವೀಪದ ಪೂರ್ವಾರ್ಧವನ್ನು ಜರ್ಮನರೂ ಬ್ರಿಟಿಷರೂ ಹಂಚಿಕೊಂಡರು. ತೆಂಗಿನ ತೋಟಗಳಿಗೆ ನೂರು ಭಾಷೆಗಳ ಕೂಲಿಗಳು ಬಂದರು. ಅವರ ನಡುವೆ ಬೆಳೆದ ಸಂಪರ್ಕ ನುಡಿ ಟೋಕ್ ಪಿಸಿನ್. ಪದಗಳು ಹೆಚ್ಚಿನವು ಇಂಗ್ಲಿಷಿನವು, ಒಂದಷ್ಟು ರಬೌಲ್ ಪಟ್ಟಣದ ಸುತ್ತಲಿನ ಟೊಲಾಯ್ ಜನರ ಭಾಷೆಯವು, ಕೆಲವು ಜರ್ಮನಿನವು. ಒಳಗಿನ ಹೂರಣ ಮಾತ್ರ ಅಲ್ಲಿಯದೇ. ‘ಯುಮಿ’ ಎಂದರೆ ಕೇಳುವ ನೀವೂ ಸೇರಿದ ನಾವು, ‘ಮಿಪೆಲ’ ಎಂದರೆ ನಿಮ್ಮನ್ನು ಬಿಟ್ಟ ನಾವು. ಇಂಗ್ಲಿಷಿಗೆ ಗೊತ್ತಿರದ ಈ ಭೇದ ಆ ದ್ವೀಪಗಳ ಭಾಷೆಗಳಿಂದ ಬಂದದ್ದು. 1970ರಿಂದ ಈ ಭಾಷೆಯಲ್ಲಿ ‘ವಾಂಟೋಕ್’ ಎಂಬ ಪತ್ರಿಕೆ ಬರತೊಡಗಿತು. 1975ರ ಸೆಪ್ಟೆಂಬರ್ 16ರಂದು ದೇಶ ಆಸ್ಟ್ರೇಲಿಯಾದ ಆಡಳಿತದಿಂದ ಸ್ವತಂತ್ರವಾಯಿತು. ಈಗ ಅಧಿಕೃತ ಸ್ಥಾನ ಇರುವುದು ಇಂಗ್ಲಿಷ್, ಟೋಕ್ ಪಿಸಿನ್, ಹಿರಿ ಮೋಟು ಮತ್ತು 2015ರಿಂದ ಸಂಜ್ಞಾ ಭಾಷೆಗೆ. ಕೂಲಿಗಳು ಕಟ್ಟಿದ ಭಾಷೆಯೊಂದು ಸಂಸತ್ತಿನವರೆಗೆ ಹೋದದ್ದು ಹೆಮ್ಮೆಯ ಸಂಗತಿ. ಟೋಕ್ ಪಿಸಿನ್ ಅನ್ನು ಖಳನಾಯಕನನ್ನಾಗಿ ಮಾಡಲು ನನಗೆ ಮನಸ್ಸಿಲ್ಲ. ಆದರೆ ಅದರೊಡನೆ, ಅದಕ್ಕಿಂತ ಹೆಚ್ಚಾಗಿ ಇಂಗ್ಲಿಷಿನೊಡನೆ, ಆ ನೆಲಕ್ಕೆ ಹೊಸದೊಂದು ಬಂತು: ಭಾಷೆಗಳಲ್ಲಿ ಮೇಲು ಕೀಳು.

ಅದು ಮನೆಯೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ಮತ್ತೆಲ್ಲೂ ಯಾರೂ ನೋಡಿರಲಾರರು. ಸೆಪಿಕ್ ಮತ್ತು ರಾಮು ನದಿಗಳ ನಡುವಿನ ಜೌಗಿನಲ್ಲಿ ಗಾಪುನ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿಯ ಭಾಷೆ ತಾಯಪ್, ಪ್ರಪಂಚದಲ್ಲಿ ಅದಕ್ಕೆ ನೆಂಟರಿಲ್ಲ. ಮಾನವಶಾಸ್ತ್ರಜ್ಞ ಡಾನ್ ಕುಲಿಕ್ 1980ರ ದಶಕದ ನಡುವೆ ಅಲ್ಲಿಗೆ ಹೋಗಿ ವರ್ಷಕ್ಕೂ ಹೆಚ್ಚು ಕಾಲ ನೆಲೆಸಿದಾಗ ತಾಯಪ್ ಆಡುವವರು ಸುಮಾರು 90 ಮಂದಿ. ಹತ್ತು ವರ್ಷದೊಳಗಿನ ಒಂದು ಮಗುವೂ ಅದನ್ನು ಆಡುತ್ತಿರಲಿಲ್ಲ. ಯಾರೂ ನಿಷೇಧಿಸಿರಲಿಲ್ಲ. ರಸ್ತೆ ಬಂದಿರಲಿಲ್ಲ, ಹೊರಗಿನವರು ಬಂದು ತುಂಬಿಕೊಂಡಿರಲಿಲ್ಲ. ಅಪ್ಪ ಅಮ್ಮಂದಿರೂ ತಾಯಪ್ ಬೇಡ ಎಂದಿರಲಿಲ್ಲ. ಮಕ್ಕಳು ಕಲಿಯಬೇಕು ಎಂದೇ ಹೇಳುತ್ತಿದ್ದರು.

ಮೊದಲ ಮಹಾಯುದ್ಧದ ಕಾಲದಲ್ಲಿ ಆ ಊರಿನ ಇಬ್ಬರು ಯುವಕರು ದೂರದ ತೋಟಕ್ಕೆ ಕೂಲಿಗೆ ಹೋಗಿ, ಪೆಟ್ಟಿಗೆ ತುಂಬ ಹೊಸ ಸಾಮಾನಿನೊಡನೆ ಮರಳಿದ್ದರು. ಸಾಮಾನಿನ ಜೊತೆ ಟೋಕ್ ಪಿಸಿನ್ ಕೂಡ ಬಂತು. ಗಂಡಸರು ಅದನ್ನು ಒಬ್ಬರಿಂದೊಬ್ಬರು ಕಲಿತುಕೊಂಡರು. ಹತ್ತು ಭಾಷೆಗಳ ನಡುವೆ ಇನ್ನೊಂದು ಎಂದು ಮೊದಮೊದಲು ಯಾರಿಗೂ ಅಪಾಯ ಕಾಣಲಿಲ್ಲ. ಆದರೆ ಗಾಪುನ್ ಜನರಿಗೆ ಮನುಷ್ಯರ ಒಳಗಿನ ಎರಡು ಗುಣಗಳ ಬಗ್ಗೆ ಬಲವಾದ ಕಲ್ಪನೆಯಿದೆ. ಒಂದು ‘ಹೆಡ್’: ಹಠ, ತನ್ನಿಚ್ಛೆ, ಯಾರ ಮಾತೂ ಕೇಳದ ಸ್ವಭಾವ. ಇನ್ನೊಂದು ‘ಸಾವೆ’: ತಿಳಿವಳಿಕೆ, ನಾಲ್ಕು ಜನರೊಡನೆ ಹೊಂದಿ ಬಾಳುವ ಗುಣ. ನಿಧಾನವಾಗಿ ಟೋಕ್ ಪಿಸಿನ್ ಎಂಬುದು ತಿಳಿವಳಿಕೆಯ, ಚರ್ಚಿನ, ಗಂಡಸರ, ಮುಂದೆ ಹೋಗುವವರ ಮಾತಾಯಿತು. ತಾಯಪ್ ಪಾಲಿಗೆ ಬಂದದ್ದು ಹಠ, ಹಳೆಯ ಕಾಲ, ಮನೆಯೊಳಗಿಂದ ಕೇಳಿಬರುವ ಹೆಂಗಸರ ಬೈಗುಳದ ಜಗಳ.

ಮಗು ಹುಟ್ಟುವುದೇ ಹಠದೊಡನೆ ಎಂದು ಆ ಊರು ನಂಬುತ್ತದೆ. ಕೂಸು ಮೊದಲು ಆಡುವ ಮಾತು ತಾಯಪ್‌ನ ‘ಓಕಿ’ ಎಂದು ತಾಯಂದಿರು ಹೇಳುತ್ತಾರೆ. ‘ನಾನು ಹೊರಟೆ’ ಎಂದು ಅರ್ಥ. ಇನ್ನೂ ಅಂಬೆಗಾಲಿಡದ ಕೂಸಿನ ತೊದಲು ಸದ್ದಿನಲ್ಲಿ ಅವರಿಗೆ ಕೇಳುವುದು ಈ ಸಿಟ್ಟಿನ ಮಾತು. ಇಂಥ ಮಗುವಿಗೆ ತಿಳಿವಳಿಕೆ ಬರಿಸುವುದು ಹೇಗೆ? ತಾಯಿ ತಾಯಪ್‌ನಲ್ಲಿ ಏನೋ ಹೇಳುತ್ತಾಳೆ. ಮಗು ತಿರುಗಿ ನೋಡುವುದಿಲ್ಲ. ಅದೇ ಮಾತನ್ನು ಟೋಕ್ ಪಿಸಿನ್‌ನಲ್ಲಿ ಹೇಳುತ್ತಾಳೆ. ದಿನಕ್ಕೆ ಎಷ್ಟು ಸಲ ಹೀಗಾಗುತ್ತದೋ ಅವಳಿಗೇ ಗೊತ್ತಿಲ್ಲ. ಮುಖ್ಯವಾದ ಮಾತು ಯಾವಾಗಲೂ ಎರಡನೇ ಭಾಷೆಯಲ್ಲಿ ಮತ್ತೆ ಬರುತ್ತದೆ ಎಂದು ಮಗು ಕಲಿಯುತ್ತದೆ; ಮೊದಲನೆಯದಕ್ಕೆ ಉತ್ತರಿಸುವ ಅಗತ್ಯವೇ ಬೀಳುವುದಿಲ್ಲ. ತಮ್ಮ ತಂಗಿಯರನ್ನು ನೋಡಿಕೊಳ್ಳುವ ಅಕ್ಕಂದಿರು ಆಡುವುದಂತೂ ಟೋಕ್ ಪಿಸಿನ್ ಒಂದನ್ನೇ. ಏಕೆ ನಿಮ್ಮ ಮಕ್ಕಳಿಗೆ ತಾಯಪ್ ಬರುವುದಿಲ್ಲ ಎಂದು ಕೇಳಿದರೆ ಹೆತ್ತವರು ಮಕ್ಕಳನ್ನೇ ದೂರುತ್ತಿದ್ದರು: ಹಠಮಾರಿಗಳು, ಕಲಿಯಲು ಒಪ್ಪುವುದಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಬದಲಾವಣೆ ತಮ್ಮ ಬಾಯಿಂದಲೇ ಆಗುತ್ತಿದೆ ಎಂಬುದು ಅವರ ಗಮನಕ್ಕೇ ಬಂದಿರಲಿಲ್ಲ.

ಶಾಲೆಯ ಪಾತ್ರವೂ ಸಣ್ಣದಲ್ಲ. ಆಸ್ಟ್ರೇಲಿಯಾದ ಆಡಳಿತ 1950ರ ದಶಕದಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಪಟ್ಟು ಹಿಡಿಯಿತು. 1980ರಲ್ಲಿ ಬೂಗನ್‌ವಿಲ್‌ನ ಹಳ್ಳಿಗಳು ದಾರಿ ಬದಲಿಸಿದವು. ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವ ಮೊದಲು ಊರಿನ ನುಡಿಯಲ್ಲೇ ಓದು ಬರಹ ಕಲಿಯಲಿ, ಊರಿನ ನಡೆ ತಿಳಿಯಲಿ ಎಂದು ‘ವಿಲೇಸ್ ಟೋಕ್ ಪ್ಲೆಸ್ ಸ್ಕುಲ್’ಗಳನ್ನು ತೆರೆದವು. ಟೋಕ್ ಪ್ಲೆಸ್ ಎಂದರೆ ಊರಿನ ಮಾತು. ಬೇಡಿಕೆ ಹುಟ್ಟಿದ್ದು ತಂದೆ ತಾಯಿಗಳಿಂದಲೇ ಎಂಬುದನ್ನು ಗಮನಿಸಬೇಕು. 1990ರ ದಶಕದ ಸುಧಾರಣೆ ಅದನ್ನು ಇಡೀ ದೇಶಕ್ಕೆ ಹರಡಿತು: ಮೊದಲ ಮೂರು ವರ್ಷ ಊರಿನ ಭಾಷೆ, ಆಮೇಲೆ ಇಂಗ್ಲಿಷ್. ನಾಲ್ಕು ನೂರರಷ್ಟು ಭಾಷೆಗಳಲ್ಲಿ ಪಾಠ ನಡೆಯಿತು. ಪ್ರಪಂಚದ ಬೇರಾವ ಸರ್ಕಾರವೂ ಇಂಥದಕ್ಕೆ ಕೈ ಹಾಕಿಲ್ಲ. ಆದರೆ ಪುಸ್ತಕ ಸಾಲಲಿಲ್ಲ, ಶಿಕ್ಷಕರ ತರಬೇತಿ ಸಾಲಲಿಲ್ಲ, ಮಕ್ಕಳ ಇಂಗ್ಲಿಷ್ ಕೆಡುತ್ತಿದೆ ಎಂಬ ಕೂಗು ಎದ್ದಿತು. 2013ರಲ್ಲಿ ಸರ್ಕಾರ ಮೊದಲಿನಿಂದಲೇ ಇಂಗ್ಲಿಷ್ ಎಂದಿತು. ಪುಸ್ತಕ, ತರಬೇತಿಯ ಕೊರತೆಯನ್ನು ತುಂಬುವ ಬದಲು ಭಾಷೆಯನ್ನೇ ಹೊರಗೆ ಹಾಕಿದ್ದು ದೊಡ್ಡ ತಪ್ಪು ಎಂದು ನಾನು ಭಾವಿಸುತ್ತೇನೆ.

ಅದೇ ದೇಶದ ಸಂಶೋಧಕ ಆಲ್ಫ್ರೆಡ್ ಕಿಕ್ ಮತ್ತು ಸಂಗಡಿಗರು ಪ್ರೌಢಶಾಲೆಯ 6,190 ವಿದ್ಯಾರ್ಥಿಗಳನ್ನು ಮಾತಾಡಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಎದೆ ಝಲ್ಲೆನಿಸುವಂಥದು. ಆ ಮಕ್ಕಳ ಹಿನ್ನೆಲೆಯಲ್ಲಿದ್ದ ಭಾಷೆಗಳು 392. ಅವರ ಹೆತ್ತವರಲ್ಲಿ ತಮ್ಮ ನುಡಿಯನ್ನು ಚೆನ್ನಾಗಿ ಆಡಬಲ್ಲವರು ಶೇ 91, ಮಕ್ಕಳಲ್ಲಿ ಶೇ 58. ಒಂದೇ ತಲೆಮಾರಿನ ಅಂತರ ಇದು. ಭಾಷೆಯ ಜೊತೆಯಲ್ಲೇ ಗಿಡಮರ, ಹಕ್ಕಿಗಳ ಪರಿಚಯವೂ ಕುಸಿದಿತ್ತು. ಅಪ್ಪನ ಭಾಷೆ ಒಂದು, ಅಮ್ಮನದು ಇನ್ನೊಂದು ಆಗಿರುವ ಮನೆಗಳಲ್ಲಿ ಕುಸಿತ ಹೆಚ್ಚು. ಎರಡೂ ಕೈಬಿಟ್ಟು ಮನೆಮಾತು ಟೋಕ್ ಪಿಸಿನ್ ಆಗುತ್ತದೆ. ಹಿಂದಿನ ಕಾಲದಲ್ಲಿ ಇಂಥ ಮನೆಯ ಮಗು ಎರಡನ್ನೂ ಕಲಿಯುತ್ತಿತ್ತು.

ಕುಲಿಕ್ ಮೂವತ್ತು ವರ್ಷಗಳ ಕಾಲ ಗಾಪುನ್‌ಗೆ ಹೋಗಿಬರುತ್ತಲೇ ಇದ್ದರು. ಆಂಜೆಲಾ ಟೆರಿಲ್ ಅವರ ಜೊತೆ ಸೇರಿ 2019ರಲ್ಲಿ ತಾಯಪ್ ಭಾಷೆಯ ವ್ಯಾಕರಣ ಮತ್ತು ನಿಘಂಟನ್ನು ಹೊರತಂದರು. ಅದೇ ವರ್ಷ ಬಂದ ಅವರ ಇನ್ನೊಂದು ಪುಸ್ತಕದ ಹೆಸರಿನಲ್ಲೇ ಸಾವು ಎಂಬ ಪದವಿದೆ. ತಾಯಪ್ ಉಳಿದೀತು ಎಂಬ ಭರವಸೆ ಅವರಿಗಿಲ್ಲ. ಆದರೂ ಅವರೇ ದಾಖಲಿಸಿದ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ತಾಯಪ್ ಬರುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದ ಯುವಕ ಯುವತಿಯರನ್ನು ಅವರು ಒಬ್ಬೊಬ್ಬರಾಗಿ ಕೂರಿಸಿಕೊಂಡು, ನಿನಗೆ ಬಂದಷ್ಟರಲ್ಲಿ ಒಂದು ಕಥೆ ಹೇಳು ಎಂದರು. ಹಲವರು ನಿರರ್ಗಳವಾಗಿ ಹೇಳಿದರು. ಜೀವಮಾನದಲ್ಲಿ ಯಾರೊಡನೆಯೂ ತಾಯಪ್‌ನಲ್ಲಿ ಮಾತುಕತೆ ನಡೆಸದವರ ತಲೆಯೊಳಗೆ ಭಾಷೆ ಹೆಚ್ಚುಕಡಿಮೆ ಪೂರ್ತಿ ಇತ್ತು. ತೊಡಕಿನ ಕ್ರಿಯಾರೂಪಗಳಲ್ಲಿ ಎಡವುತ್ತಿದ್ದರು, ಅಷ್ಟೇ. ಬಾಯಿಬಿಟ್ಟರೆ ಆ ಎಡವಟ್ಟಿಗೆ ಹಿರಿಯರು ಗೇಲಿ ಮಾಡುತ್ತಾರೆ, ಆದ್ದರಿಂದ ಬಾಯಿಬಿಡುವುದಿಲ್ಲ. ಆ ವಯಸ್ಸಿನವರೇ ಈಗ ಗಾಪುನ್‌ನ ಅಪ್ಪ ಅಮ್ಮಂದಿರು. ತಪ್ಪು ತಪ್ಪಾದ ತಾಯಪ್‌ನಲ್ಲೇ ಅವರು ಮಕ್ಕಳನ್ನು ಮಾತಾಡಿಸಿದರೆ, ಹಿರಿಯರು ಆ ತಪ್ಪುಗಳನ್ನು ಕೇಳಿಯೂ ಸುಮ್ಮನಿದ್ದರೆ, ಮುಂದಿನ ತಾಯಪ್ ಹಿಂದಿನದರಂತೆ ಇರಲಾರದು. ಉಯಿಸಾಯ್ ಜನ ಲಿಂಗವನ್ನೇ ತಿರುಗಿಸಿಕೊಂಡು ಬದುಕಿದ ದೇಶ ಅದು. ಬದಲಾದ ತಾಯಪ್ ಕೂಡ ತಾಯಪ್ಪೇ.